ತೇಪೆ ಹಾಕಿದವನ ಹೆಸರು

ಕಬ್ಬಿಣ ಗಟ್ಟಿಯಾಗಿದ್ದರೆ ಸುತ್ತಿಗೆ ಬಿದ್ದಾಗ ಠಣ್ ಎನ್ನುತ್ತದೆ. ಒಳಗೊಳಗೇ ತುಕ್ಕು ತಿಂದಿದ್ದರೆ ಥಪ್ ಎನ್ನುತ್ತದೆ. ಪುಣೆಗೆ ಬಂದು ಹನ್ನೊಂದು ವರ್ಷ ಕಳೆದ ಮೇಲೆ, ಭೋಸರಿಯ ಒಂದು ತಗಡಿನ ಶೆಡ್ಡಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ ನಾನು ಈ ಎರಡು ಸದ್ದುಗಳ ವ್ಯತ್ಯಾಸ ಕಲಿತೆ. ಕಲಿಸಿದವರು ಉಸ್ತಾದರು. ಸುತ್ತಿಗೆ ಬೀಳುತ್ತಿದ್ದುದು ನನ್ನ ದೊಡ್ಡಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿಯ ಮೇಲೆ. ಠಣ್, ಠಣ್, ಠಣ್, ಥಪ್. ಉಸ್ತಾದರು ಥಪ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾ ಹೋದರು. ಅರ್ಧ ಗಂಟೆಯಲ್ಲಿ ಚಾಸಿ ಜೀಬ್ರಾದಂತಾಯಿತು.

“ಸರ, ಇದರಾಗ ಅರ್ಧ ಸತ್ತದ ನೋಡ್ರಿ” ಎಂದರು. ಅವರು ವಿಜಯಪುರದ ಕಡೆಯವರು. ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದವರು. ಹಿಂಜವಡಿಯಲ್ಲಿ ಕೂತು ಕೋಡು ಬರೆಯುವ ನಾನೂ ವಲಸೆಗಾರ, ಭೋಸರಿಯಲ್ಲಿ ನಿಂತು ಕಬ್ಬಿಣ ಬೆಸೆಯುವ ಅವರೂ ವಲಸೆಗಾರರು. ಆದರೆ ನಮ್ಮಿಬ್ಬರ ಪುಣೆಗಳು ಬೇರೆ ಬೇರೆ. ಈ ಕಾರು ಇಲ್ಲದಿದ್ದರೆ ನಾವು ಒಬ್ಬರಿಗೊಬ್ಬರು ಕನ್ನಡದಲ್ಲಿ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ.

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಒಬ್ಬ ಶೋಕಿದಾರರ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಚಾಸಿ ಇತ್ತು. ಎರಡು ಸೀಟಿನ, ತಲೆಯ ಮೇಲೆ ಬಟ್ಟೆಯ ಮಾಡಿನ, ಕೆಂಪು ಬಣ್ಣದ ಕ್ರೀಡಾ ಕಾರು. ಅದರ ಮೈಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಮ್ಮ ಹೆರಾಲ್ಡ್ ಮಲೆನಾಡಿನ ಅಡಿಕೆ ತೋಟದ ಮನೆಯಿಂದ ಲಾರಿಯಲ್ಲಿ ಬಂದದ್ದು. ಅದರ ಎದುರು ಸ್ಪಿಟ್‌ಫೈರ್ ಸಿನಿಮಾ ನಟಿಯಂತೆ ಕಾಣುತ್ತಿತ್ತು. ಆದರೆ ಮೈ ಕಳಚಿಟ್ಟ ಮೇಲೆ ಎರಡರ ಅಸ್ಥಿಪಂಜರ ನೋಡಿದರೆ ಅಕ್ಕತಂಗಿಯರು ಎಂದು ಯಾರಿಗಾದರೂ ತಿಳಿಯುತ್ತದೆ. ಮಧ್ಯದಲ್ಲಿ ಬೆನ್ನುಮೂಳೆಯ ಹಾಗೆ ಹತ್ತಿರ ಬರುವ ಎರಡು ಪೆಟ್ಟಿಗೆಯಾಕಾರದ ತೊಲೆಗಳು. ಅವು ಮುಂದೆ ಎಂಜಿನ್ನಿಗಾಗಿ ಅಗಲವಾಗುತ್ತವೆ, ಹಿಂದೆ ಆಕ್ಸಲ್ಲಿಗಾಗಿ ಅಗಲವಾಗುತ್ತವೆ. ಹೆರಾಲ್ಡಿನಲ್ಲಿ ಈ ಬೆನ್ನೆಲುಬಿನಿಂದ ಪಕ್ಕೆಲುಬಿನಂತೆ ಔಟ್‌ರಿಗರುಗಳು ಹೊರಟು ಬದಿಯ ಉದ್ದನೆಯ ಹಳಿಗಳನ್ನು ಹಿಡಿದಿರುತ್ತವೆ. ಸ್ಪಿಟ್‌ಫೈರಿನಲ್ಲಿ ಬದಿಯ ಹಳಿಗಳಿಲ್ಲ. ಅಲ್ಲಿ ಆ ಬಲವನ್ನು ಮೈಯ ಹೊಸ್ತಿಲುಗಳೇ ಕೊಡಬೇಕು. ಹಾಗಾಗಿ ಸ್ಪಿಟ್‌ಫೈರಿಗೆ ತುಕ್ಕು ಹಿಡಿದರೆ ಬಾಗಿಲ ಹತ್ತಿರ ನಡು ಕುಸಿಯುತ್ತದೆ. ಹೆರಾಲ್ಡಿಗೆ ತುಕ್ಕು ಹಿಡಿದರೆ ಪಕ್ಕೆಲುಬು ಮುರಿಯುತ್ತದೆ.

ಈ ಚಾಸಿಗೆ ಒಂದು ಚರಿತ್ರೆ ಇದೆ. ಅದು ಮುಖಭಂಗದಿಂದ ಶುರುವಾದ ಚರಿತ್ರೆ.

1950ರ ದಶಕದ ಹೊತ್ತಿಗೆ ಲೋಕದ ಸಣ್ಣ ಕಾರುಗಳು ಚಾಸಿಯನ್ನು ಬಿಟ್ಟುಕೊಡತೊಡಗಿದ್ದವು. ಕುದುರೆಗಾಡಿಯ ಕಾಲದಿಂದ ಬಂದ ಪದ್ಧತಿಯೆಂದರೆ ಕೆಳಗೆ ಏಣಿಯಂಥ ಒಂದು ಚೌಕಟ್ಟು, ಅದರ ಮೇಲೆ ಕೂರುವ ಮನೆ. ಲ್ಯಾನ್ಸಿಯಾ ಲ್ಯಾಂಬ್ಡಾ 1922ರಲ್ಲಿ, ಸಿಟ್ರನ್ ಟ್ರಾಕ್ಸಿಯೋನ್ ಅವಾಂ 1934ರಲ್ಲಿ ತೋರಿಸಿದ ದಾರಿಯೇ ಬೇರೆ. ಮೊಟ್ಟೆಯ ಚಿಪ್ಪಿನ ಹಾಗೆ ಮೈಯೇ ಭಾರ ಹೊರಬೇಕು, ಚೌಕಟ್ಟು ಬೇಡ. ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯೂ ಆ ದಾರಿಯಲ್ಲೇ ಇತ್ತು. ಆದರೆ ಅವರಿಗೆ ಕಾರಿನ ಮೈ ತಯಾರಿಸಿ ಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಎಂಬ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಂಪನಿ ಬಿಎಂಸಿ ಕೊಂಡುಕೊಂಡಿತು. ಮುಂದಿನ ಹೊಸ ಕಾರಿಗೆ ಮೈ ಎಲ್ಲಿಂದ ತರುವುದು? ಇಡೀ ಚಿಪ್ಪನ್ನು ಒಂದೇ ಕಡೆ ಒತ್ತಿ ಬೆಸೆದು ಕೊಡುವವರು ಸಿಗಲಿಲ್ಲ. ಕೊನೆಗೆ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ಮತ್ತವರ ತಂಡ ಹಳೆಯ ದಾರಿಗೇ ಮರಳಿದರು. ಕೆಳಗೆ ಗಟ್ಟಿಯಾದ ಚಾಸಿ ಇರಲಿ, ಮೇಲಿನ ಮೈಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟು ಹಾಕಿ ಕೂಡಿಸೋಣ. ಇಟಲಿಯ ಜೊವಾನಿ ಮಿಕೆಲೊಟ್ಟಿ ಅದಕ್ಕೆ ಚೂಪಾದ ಗೆರೆಗಳ ಅಂದದ ರೂಪ ಕೊಟ್ಟರು. 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು.

ಮುಖಭಂಗ ವರವಾಯಿತು. ಚಾಸಿ ಬೇರೆ ಇದ್ದುದರಿಂದ ಅದರ ಮೇಲೆ ಯಾವ ಮೈಯನ್ನಾದರೂ ಕೂರಿಸಬಹುದಿತ್ತು. ಅದೇ ಚಾಸಿಯ ಗಾಲಿಗಳ ನಡುವಿನ ಅಂತರವನ್ನು ತೊಂಬತ್ತೊಂದೂವರೆ ಅಂಗುಲದಿಂದ ಎಂಬತ್ತಮೂರು ಅಂಗುಲಕ್ಕೆ ಇಳಿಸಿ 1962ರಲ್ಲಿ ಸ್ಪಿಟ್‌ಫೈರ್ ಮಾಡಿದರು. 1980ರವರೆಗೆ ಅದು ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಆ ಹೆರಾಲ್ಡ್ ನಮ್ಮಲ್ಲಿಗೆ ಬಂದ ದಾರಿಯೂ ಸ್ವಾರಸ್ಯವಾಗಿದೆ. ಸ್ವಾತಂತ್ರ್ಯದ ನಂತರ ಸರ್ಕಾರ ಸಿದ್ಧ ಕಾರುಗಳ ಆಮದನ್ನು ತಡೆಯಿತು. ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಬಹುದು ಎಂದಿತು. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಉಳಿದುಕೊಂಡವರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಒಂದು. ವಂಡಲೂರಿನ ಕಾರ್ಖಾನೆಯಿಂದ 1961ರಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಬಂತು. ಅಂಬಾಸಿಡರ್, ಫಿಯೆಟ್, ಹೆರಾಲ್ಡ್ ಎಂಬ ಮೂರೇ ಆಯ್ಕೆಗಳ ಆ ಕಾಲದಲ್ಲಿ ಚಾಸಿ ಬೇರೆ, ಮೈ ಬೇರೆ ಇದ್ದದ್ದು ಹೆರಾಲ್ಡಿಗೆ ಮಾತ್ರ. ಕ್ರೀಡಾ ಕಾರು ಎನ್ನುವುದು ನಮ್ಮ ಮಧ್ಯಮ ವರ್ಗದ ಶಬ್ದಕೋಶದಲ್ಲೇ ಇರಲಿಲ್ಲ. ಇದ್ದುದರಲ್ಲಿ ಅದಕ್ಕೆ ಹತ್ತಿರದ್ದು ಇದೇ. ಹಾಗೆಂದೇ ಮದರಾಸಿನ ಹತ್ತಿರದ ಶೋಲಾವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಹೆರಾಲ್ಡುಗಳು ಓಡುತ್ತಿದ್ದವು.

ನನ್ನ ದೊಡ್ಡಪ್ಪನಿಗೆ ಪಂದ್ಯ ಬೇಕಾಗಿರಲಿಲ್ಲ. 1974ರಲ್ಲಿ ಶಿವಮೊಗ್ಗದ ಒಬ್ಬ ಡಾಕ್ಟರರಿಂದ ಅವನು ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು ಒಂದೇ ಕಾರಣಕ್ಕೆ. ಹೆರಾಲ್ಡ್ ಇಪ್ಪತ್ತೈದು ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ. ನಮ್ಮ ಮನೆಯ ಅಂಗಳದಲ್ಲಿ ಬಾವಿಕಟ್ಟೆಗೂ ಕೊಟ್ಟಿಗೆಗೂ ನಡುವೆ ಅಂಬಾಸಿಡರ್ ತಿರುಗುವುದಿಲ್ಲ. “ಹಿಂದೆ ತೆಗೆದು ಮುಂದೆ ತೆಗೆದು ಸಾಯೋದಕ್ಕಿಂತ ಒಂದೇ ಸಲ ತಿರುಗೋ ಗಾಡಿ ತಗೊಂಡೆ” ಎನ್ನುತ್ತಿದ್ದ. 2000ನೇ ಇಸವಿಯಲ್ಲಿ ನಾನು ಕಾರು ಕಲಿತದ್ದೂ ಆ ಬಾವಿಕಟ್ಟೆಯನ್ನು ಸುತ್ತುತ್ತಲೇ. ಮರುವರ್ಷ ಗಾಡಿ ಕೆಟ್ಟು ನಿಂತಿತು. ಅಡಿಕೆ ಸಿಪ್ಪೆಯ ಪಕ್ಕದ ಮಾಡಿನ ಕೆಳಗೆ ಇಪ್ಪತ್ತೆರಡು ಮಳೆಗಾಲ ಕಳೆಯಿತು. ಹೊಸನಗರದ ಮಳೆ ಎಂದರೆ ಏನೆಂದು ಆ ಕಡೆಯವರಿಗೆ ಹೇಳಬೇಕಿಲ್ಲ.

*

ತಾಮ್ರಕ್ಕೆ ಕಿಲುಬು, ಕಬ್ಬಿಣಕ್ಕೆ ತುಕ್ಕು. ನಮ್ಮ ಭಾಷೆ ಎರಡಕ್ಕೆ ಎರಡು ಹೆಸರಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಕಿಲುಬು ಹೆಚ್ಚಾಗಿ ಮೇಲ್ಮೈಯಲ್ಲೇ ನಿಂತು ತಳದ ಲೋಹಕ್ಕೆ ಹೊದಿಕೆಯಾಗುತ್ತದೆ. ಹುಳಿ ಹಚ್ಚಿ ಉಜ್ಜಿದರೆ ಹೋಗುತ್ತದೆ. ತುಕ್ಕು ಹಾಗಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಹಿಡಿಯುತ್ತದೆ, ಉಬ್ಬುತ್ತದೆ, ಸಿಪ್ಪೆಯಾಗಿ ಉದುರುತ್ತದೆ, ಉದುರಿ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ.

ಚಾಸಿಯಲ್ಲಿ ತುಕ್ಕು ಕಣ್ಣಿಗೆ ಕಾಣುವ ಜಾಗದಲ್ಲಿ ಶುರುವಾಗುವುದೇ ಇಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂತ ಸಂದಿಯಲ್ಲಿ, ಕೆಸರು ಕೂತ ಪೆಟ್ಟಿಗೆಯ ತಳದಲ್ಲಿ ಶುರುವಾಗುತ್ತದೆ. ಕೇಂಬ್ರಿಜ್ಜಿನ ಯುಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದರ ಗುಟ್ಟು ಬಿಡಿಸಿದರು. ಒಂದು ನೀರಿನ ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸಲೀಸಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ಅಸಮಾನತೆಯಿಂದಲೇ ಒಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಆಮ್ಲಜನಕ ಕಡಿಮೆ ಇರುವ ಜಾಗದ ಕಬ್ಬಿಣ ಕರಗುತ್ತದೆ. ಅಂದರೆ ಗಾಳಿ ಹೆಚ್ಚು ತಗುಲುವ ಕಡೆ ತುಕ್ಕು ಹೆಚ್ಚು ಎಂದು ನಾವು ತಿಳಿದದ್ದು ತಪ್ಪು. ಕತ್ತಲಲ್ಲಿ, ಉಸಿರಾಟವಿಲ್ಲದ ಸಂದಿಯಲ್ಲಿ ಕಬ್ಬಿಣ ಸಾಯುತ್ತದೆ.

ಉಸ್ತಾದರಿಗೆ ಇವಾನ್ಸ್ ಗೊತ್ತಿಲ್ಲ, ವಿಷಯ ಗೊತ್ತಿದೆ. ಭೋಸರಿಗೆ ಬರುವ ಮುಂಚೆ ನಾನು ಊರ ಹೊರಗಿನ ಒಂದು ಗ್ಯಾರೇಜಿಗೆ ಗಾಡಿ ಕೊಟ್ಟಿದ್ದೆ. ಅಲ್ಲಿ ತುಕ್ಕಿನ ಮೇಲೇ ತೆಳು ತಗಡು ಹೊದಿಸಿ, ಅದರ ಮೇಲೆ ದಪ್ಪಗೆ ಡಾಂಬರು ಬಳಿದು, ಫಳಫಳ ಮಾಡಿ ಕೊಟ್ಟಿದ್ದರು. ಉಸ್ತಾದರು ಸ್ಕ್ರೂಡ್ರೈವರ್ ಒತ್ತಿದರು. ಅದು ಡಾಂಬರು, ತಗಡು, ತುಕ್ಕು ಎಲ್ಲ ದಾಟಿ ಹಿಡಿಯವರೆಗೆ ಒಳಗೆ ಹೋಯಿತು. “ಇದು ರಿಪೇರಿ ಅಲ್ರಿ, ಗೋರಿ” ಎಂದರು. ಎರಡು ತಗಡಿನ ನಡುವೆ ಹೊಸದೊಂದು ಸಂದಿ ಮಾಡಿ, ತುಕ್ಕಿಗೆ ಮನೆ ಕಟ್ಟಿಕೊಟ್ಟ ಹಾಗೆ ಆಗಿತ್ತು.

ಸರಿಯಾದ ಕೆಲಸ ನಿಧಾನದ್ದು. ಮೊದಲು ಚಾಸಿಯನ್ನು ಸಮತಲದ ಉಕ್ಕಿನ ಮೇಜಿನ ಮೇಲೆ ಬಿಗಿದು, ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಬರೆದುಕೊಳ್ಳಬೇಕು. ಎರಡು ಕರ್ಣಗಳೂ ಸಮವಿರಬೇಕು. ಇಲ್ಲದಿದ್ದರೆ ಗಾಡಿ ಜೀವನಪೂರ್ತಿ ಏಡಿಯಂತೆ ಓರೆಯಾಗಿ ಓಡುತ್ತದೆ. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಬಾರದು. ಒಂದು ಪಕ್ಕೆಲುಬು ಕತ್ತರಿಸಿ, ಕೂಡಿಸಿ, ಮತ್ತೆ ಅಳೆದು, ಆಮೇಲೆ ಇನ್ನೊಂದು. ಥಪ್ ಎಂದಲ್ಲಿ ಕತ್ತರಿಸಿದರೆ ಸಾಲದು, ಠಣ್ ಎನ್ನುವವರೆಗೆ ಹಿಂದೆ ಸರಿಯಬೇಕು. ಹೊಸ ತಗಡು ಹಳೆಯದರಷ್ಟೇ ದಪ್ಪವಿರಬೇಕು. ದಪ್ಪ ಹೆಚ್ಚಾದರೆ ಬಲ ಹೆಚ್ಚೆಂದು ನಾನು ವಾದಿಸಿದೆ. ಉಸ್ತಾದರು ಒಪ್ಪಲಿಲ್ಲ. ದಪ್ಪದ ತಗಡು ಬಾಗುವುದಿಲ್ಲ, ಅದರ ಪಕ್ಕದ ಹಳೆಯ ತಗಡು ಬಾಗಿ ಬಾಗಿ ಬಿರುಕು ಬಿಡುತ್ತದೆ. ತುದಿಗೆ ತುದಿ ಕೂಡಿಸಿ ಬೆಸೆಯಬೇಕು, ಒಂದರ ಮೇಲೊಂದು ಏರಿಸಬಾರದು. ಬೆಸುಗೆಯನ್ನೂ ಒಂದೇ ಗೆರೆಯಲ್ಲಿ ಎಳೆಯಬಾರದು. ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ, ರವಿಕೆಗೆ ಕಚ್ಚಾ ಹೊಲಿಗೆ ಹಾಕಿದಂತೆ ಹಾಕುತ್ತಾ ಹೋಗಬೇಕು. ಇಲ್ಲದಿದ್ದರೆ ಕಾವಿಗೆ ಚಾಸಿ ತಿರುಚಿಕೊಳ್ಳುತ್ತದೆ.

ಸ್ಪಿಟ್‌ಫೈರಿಗೆ ಬೇಕಾದ ಭಾಗಗಳು ಇಂಗ್ಲೆಂಡಿನಿಂದ ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಅಲ್ಲಿ ಹಳೆಯ ಟ್ರಯಂಫುಗಳಿಗಾಗಿ ಹೊಸದಾಗಿ ಭಾಗಗಳನ್ನು ಒತ್ತಿ ಮಾರುವುದೇ ಒಂದು ಕಸುಬು. ನಮ್ಮ ಹೆರಾಲ್ಡಿನ ಪಕ್ಕೆಲುಬುಗಳನ್ನು ಉಸ್ತಾದರು ರಟ್ಟಿನಲ್ಲಿ ಕತ್ತರಿಸಿ ಮಾದರಿ ಮಾಡಿ, ಎರಡು ಮಿಲಿಮೀಟರಿನ ಹಾಳೆಯಲ್ಲಿ ಕೈಯಾರೆ ಮಡಚಿದರು. ಬುಷ್‌ಗಳನ್ನು ಕಡೆಯಲು ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಇತ್ತು. ಅದರ ಎಣ್ಣೆಜಿಡ್ಡು ಒರೆಸಿ ನೋಡಿದರೆ ಮೈಸೂರ್ ಕಿರ್ಲೋಸ್ಕರ್, ಹರಿಹರ ಎಂಬ ಫಲಕ!

*

ಪುಣೆಗೂ ಕನ್ನಡ ನಾಡಿಗೂ ಕಬ್ಬಿಣದ ನಂಟು ಎಷ್ಟು ಹಳೆಯದು ಎಂದು ಆ ಫಲಕ ನೋಡಿದ ಮೇಲೆ ಯೋಚಿಸತೊಡಗಿದೆ. ಕಿರ್ಲೋಸ್ಕರ್ ಎಂದರೆ ಪುಣೆಯ ಕಂಪನಿ ಎಂದು ನಾವು ತಿಳಿಯುತ್ತೇವೆ. ಆದರೆ ಅದರ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಶುರು ಮಾಡಿದ್ದು ಬೆಳಗಾವಿಯಲ್ಲೊಂದು ಸೈಕಲ್ ಅಂಗಡಿ. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಹಿಂಜರಿದರು, ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವು ಎಂಬುದು ಪ್ರಸಿದ್ಧ ಕತೆ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದಲ್ಲಿ ಲೇತ್ ಕಾರ್ಖಾನೆ ಬಂತು. 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ. ಹರಿಹರದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅದು ಹೆತ್ತ ಲೇತ್ ಭೋಸರಿಯಲ್ಲಿ ಇನ್ನೂ ತಿರುಗುತ್ತಿದೆ.

ನಂಟು ಇನ್ನೊಂದೂ ಇದೆ. ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜಿನಲ್ಲಿ. 1903ರಲ್ಲಿ ಇದೇ ಊರಿನ ಖಡಕವಾಸಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಮುಂದೆ ಮೈಸೂರಿಗೆ ಹೋಗಿ ಕಬ್ಬಿಣದ ಕನಸು ಕಂಡರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯಿತು. ಕಬ್ಬಿಣವಾಯಿತು, ಇನ್ನು ಕಾರು ಎಂದು 1935ರಲ್ಲಿ ಯೂರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಸೊಲ್ಲಾಪುರದ ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಬೆಂಗಳೂರಿನಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧವಾಯಿತು. ಬ್ರಿಟಿಷ್ ಸರ್ಕಾರಕ್ಕೆ ಅದು ರುಚಿಸಲಿಲ್ಲ, ಮೈಸೂರು ಹಿಂದೆ ಸರಿಯಿತು. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಾರು ಕಂಪನಿ ಕಟ್ಟಿದರು. ಬೆಂಗಳೂರಿಗೆ ವಿಮಾನ ಸಿಕ್ಕಿತು, ಕಾರು ತಪ್ಪಿತು.

ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಕಾರ್ಖಾನೆ ಕಟ್ಟಿದವರ ಹೆಸರು, ಇಸವಿ, ಭಾವಚಿತ್ರ, ಪ್ರತಿಮೆ ಎಲ್ಲ ಇವೆ. ನಾನು ಇದನ್ನೆಲ್ಲ ಹುಮ್ಮಸ್ಸಿನಿಂದ ಉಸ್ತಾದರಿಗೆ ಹೇಳುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತಾ ಹಿಂಬದಿಯ ಎಡ ತೊಲೆಯ ಮೇಲಿನ ಡಾಂಬರನ್ನು ಕೆರೆಯುತ್ತಿದ್ದರು. ಒಮ್ಮೆಲೇ ಕೈ ನಿಲ್ಲಿಸಿ, “ಇದ್ಯಾರು ಮಾಡಿದ್ದು ಸರ?” ಎಂದರು.

ಡಾಂಬರಿನ ಕೆಳಗೆ, ತೊಲೆಗೆ ಪಕ್ಕೆಲುಬು ಕೂಡುವ ಜಾಗದಲ್ಲಿ, ಅಂಗೈಯಗಲದ ಒಂದು ತೇಪೆ ಇತ್ತು. ವೆಲ್ಡಿಂಗ್ ಅಲ್ಲ. ಏಳು ರಿವೆಟ್ಟುಗಳು. ಕೈಯಿಂದ ಬಡಿದು ತಲೆ ಅರಳಿಸಿದ ರಿವೆಟ್ಟುಗಳು. ತಗಡಲ್ಲ, ಎಂಥದೋ ಹಳೆಯ ಪಟ್ಟಿಯನ್ನು ಕಾಯಿಸಿ ಬಡಿದು ತೊಲೆಯ ಮೂಲೆಗೆ ಸರಿಯಾಗಿ ಮಡಚಿದ್ದು. ಮೇಲ್ಮೈ ಕಪ್ಪಗೆ, ನೀಲಿಗಪ್ಪಗೆ ಇತ್ತು. ಉಸ್ತಾದರು ಸುತ್ತಿಗೆ ತೆಗೆದುಕೊಂಡು ಬಡಿದರು.

ಠಣ್.

*

ಆ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವನಿಗೀಗ ಎಂಬತ್ತನಾಲ್ಕು. ಪ್ರತಿ ಭಾನುವಾರ ಫೋನ್ ಮಾಡಿದಾಗ ಅವನ ಮೊದಲ ಪ್ರಶ್ನೆ “ಗಾಡಿ ಎದ್ದಿತಾ?” ಎಂದೇ. ತೇಪೆಯ ವಿಷಯ ಹೇಳಿದ ಕೂಡಲೇ ಅವನ ದನಿ ಚುರುಕಾಯಿತು. 1979, ಅಡಿಕೆ ಸುಗ್ಗಿಯ ಹೊತ್ತು. ಘಟ್ಟದ ದಾರಿಯಲ್ಲಿ ಗುಂಡಿಗೆ ಬಿದ್ದು ತೊಲೆ ಬಿರುಕು ಬಿಟ್ಟಿತು. ಶಿವಮೊಗ್ಗಕ್ಕೆ ಎಳೆದೊಯ್ಯಲು ಲಾರಿ ಸಿಗಲಿಲ್ಲ. ಊರ ಕುಲುಮೆಯ ಆಚಾರಿಯನ್ನು ಕರೆತಂದ. ಆತ ಕಾರಿನ ಕೆಳಗೆ ನುಗ್ಗಿದ್ದು ಅದೇ ಮೊದಲು. ಎರಡು ದಿನ ಕೆಲಸ ಮಾಡಿದ. ಮುರಿದ ಎತ್ತಿನಗಾಡಿಯ ಹಳಿಪಟ್ಟಿಯನ್ನೇ ಕಾಯಿಸಿ ತೇಪೆ ಮಾಡಿದ. ಕೊನೆಗೆ ಅಡಿಕೆ ಬೇಯಿಸಿದ ಹಂಡೆಯಿಂದ ಒಂದು ಚೊಂಬು ಚೊಗರು ಕೇಳಿ ತಂದು, ಅದನ್ನು ಮತ್ತೆ ಕುದಿಸಿ ಗಟ್ಟಿ ಮಾಡಿ ಕಬ್ಬಿಣಕ್ಕೆ ಬಳಿದ. ಅದರ ಮೇಲೆ ರಾಳ ಕಾಯಿಸಿ ಹೊಯ್ದ.

ನಾನು ಬೆಚ್ಚಿದೆ. ಇಂದು ಅಂಗಡಿಯಲ್ಲಿ ‘ರಸ್ಟ್ ಕನ್ವರ್ಟರ್’ ಎಂದು ಡಬ್ಬಿಯಲ್ಲಿ ಮಾರುವ ದ್ರವಗಳಲ್ಲಿ ಬಹಳಷ್ಟರ ಮುಖ್ಯ ವಸ್ತು ಟ್ಯಾನಿಕ್ ಆಮ್ಲ. ಅದು ತುಕ್ಕಿನ ಜೊತೆ ಸೇರಿ ಫೆರಿಕ್ ಟ್ಯಾನೇಟ್ ಎಂಬ ಕಪ್ಪು ಪದರವಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದುದು ಇದೇ ರಸಾಯನದಿಂದ. ಅಡಿಕೆಯ ಚೊಗರಿನಲ್ಲೂ ಟ್ಯಾನಿನ್ ತುಂಬಿದೆ. ಹಸಿ ಅಡಿಕೆ ಸುಲಿಯುವವರ ಕೈಯೂ ಮೆಟ್ಟುಗತ್ತಿಯ ಅಲಗೂ ಕಪ್ಪಾಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದನ್ನು ಎಂದೂ ವಿದ್ಯೆ ಎಂದುಕೊಂಡಿರಲಿಲ್ಲ. ಚೊಗರಿನಿಂದಲೇ ಆ ತೇಪೆ ಉಳಿಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಗಾಡಿಹಳಿಯ ದಪ್ಪವೂ ಕಾರಣವಿರಬಹುದು, ರಾಳವೂ ಇರಬಹುದು.

ನಮ್ಮ ಮನೆಯ ಹಿಂದಿನ ದಿಬ್ಬ ಹತ್ತಿದರೆ ಕೊಡಚಾದ್ರಿ ಕಾಣುತ್ತದೆ. ಅದರ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಎತ್ತರದ ಕಬ್ಬಿಣದ ಕಂಬವಿದೆ. ಅಷ್ಟು ಮಳೆ, ಅಷ್ಟು ಮಂಜು, ಕಡಲಿನಿಂದ ಏರಿ ಬರುವ ಅಷ್ಟು ಉಪ್ಪುಗಾಳಿ ಇದ್ದರೂ ಅದು ಪುಡಿಯಾಗಿಲ್ಲ. ಲೋಹಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದ್ದಾರೆ. ಕಬ್ಬಿಣದ ತುಂಡುಗಳನ್ನು ಕಾಯಿಸಿ, ಬಡಿದು, ಒಂದಕ್ಕೊಂದು ಬೆಸೆದು ಮಾಡಿದ ಕಂಬವದು. ದೆಹಲಿಯ ಕಂಬದ ಮೇಲೆ ಚಂದ್ರ ಎಂಬ ರಾಜನ ಹೆಸರಾದರೂ ಕೆತ್ತಿದೆ. ಬಡಿದವರ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹಳೆಯ ಲೋಕವೆಲ್ಲ ಬೆರಗಿನಿಂದ ನೋಡಿದ ‘ವೂಟ್ಸ್’ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಶಬ್ದ ಉಳಿಯಿತು, ಶಬ್ದದ ಒಡೆಯರು ಉಳಿಯಲಿಲ್ಲ.

“ಆ ಆಚಾರಿಯ ಹೆಸರೇನು ದೊಡ್ಡಪ್ಪ?” ಎಂದು ಕೇಳಿದೆ.

ಆ ಕಡೆ ಮೌನ. ಗಾಡಿ ಕೊಂಡ ತಾರೀಕು ಅವನಿಗೆ ನೆನಪಿತ್ತು. ಡಾಕ್ಟರರ ಮನೆಯ ಬೀದಿ ನೆನಪಿತ್ತು. ಆ ವರ್ಷದ ಪೆಟ್ರೋಲ್ ದರ, ಅಡಿಕೆ ಧಾರಣೆ ಎಲ್ಲವೂ ನೆನಪಿತ್ತು. ಆತನಿಗೆ ಕೂಲಿಯಾಗಿ ಎರಡು ಕೊಳಗ ಅಕ್ಕಿ, ಒಂದು ಪಂಚೆ ಕೊಟ್ಟದ್ದೂ ನೆನಪಿತ್ತು. ಹೆಸರು ನೆನಪಿರಲಿಲ್ಲ. “ಆಚಾರಿ ಅಂತಲೇ ಕರೀತಿದ್ವಲ್ಲೋ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಇಪ್ಪತ್ತೆರಡು ವರ್ಷ ಅವನ ತೇಪೆ ಮೇಲೆ ಓಡಾಡಿದ್ದೀನಿ ನೋಡು” ಎಂದು ಫೋನ್ ಇಟ್ಟ. ಇಂಥ ಮಾತಿಗೆ ಅವನು ಫೋನ್ ಇಡುವವನಲ್ಲ.

*

ಮುಂದಿನ ಭಾನುವಾರ ನಿರ್ಧಾರ ಮಾಡಬೇಕಿತ್ತು. ತೇಪೆ ಇರಲಿ ಎಂಬುದು ನನ್ನ ಆಸೆ. ಉಸ್ತಾದರು ಅದನ್ನು ಬಹಳ ಹೊತ್ತು ಸವರಿ ನೋಡಿದರು. ಆಮೇಲೆ, ಇದನ್ನು ಕತ್ತರಿಸಲೇಬೇಕು ಎಂದರು. ತೇಪೆ ಗಟ್ಟಿಯಿದೆ, ನಿಜ. ಆದರೆ ಅದರ ಅಂಚಿನ ಸಂದಿಗೆ ವರ್ಷಗಟ್ಟಲೆ ನೀರು ಕೂತು, ಅಂಚಿನಾಚೆಯ ತೊಲೆ ಕಾಗದವಾಗಿದೆ. ರಿವೆಟ್ಟಿನ ತೂತುಗಳಿಂದ ಕೂದಲೆಳೆಯಂಥ ಬಿರುಕುಗಳು ಹೊರಟಿವೆ. “ಆ ಮನುಷ್ಯಾ ತನ್ನ ಕೆಲಸ ಚಲೋ ಮಾಡ್ಯಾನ್ರಿ. ಅವನ ಹತ್ರ ಇದ್ದದ್ದು ಕುಲುಮಿ, ನನ್ನ ಹತ್ರ ಇರೋದು ಮಶೀನು. ಅವನೂ ಇವತ್ತು ಇಲ್ಲಿದ್ರ ಇದನ್ನ ಕತ್ತರಿಸು ಅಂತಾನ ಹೇಳ್ತಿದ್ದ.”

ನನಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಆದರೆ ಈ ಗಾಡಿಯಲ್ಲಿ ನಾಳೆ ನನ್ನ ಮಗಳು ಕೂರುತ್ತಾಳೆ. ತೊಲೆ ಮುರಿದರೆ ಹಿಂದಿನ ಚಕ್ರ ಕೈಬಿಡುತ್ತದೆ. ಭಾವುಕತೆಗೆ ಬ್ರೇಕ್ ಇರುವುದಿಲ್ಲ. ಕತ್ತರಿಸಿ ಎಂದೆ. ಕಿಡಿಗಳು ಹಾರಿದವು. ಹತ್ತು ನಿಮಿಷದಲ್ಲಿ ನಲವತ್ತನಾಲ್ಕು ವರ್ಷದ ತೇಪೆ ನನ್ನ ಕೈಗೆ ಬಂತು, ಬಿಸಿಯಾಗಿ, ನಾನು ತಿಳಿದದ್ದಕ್ಕಿಂತ ಭಾರವಾಗಿ.

ಅದೇ ಹೊತ್ತಿಗೆ ಹೊಳೆದದ್ದು ಇದು. ಎಂಟು ತಿಂಗಳಿನಿಂದ ಪ್ರತಿ ಭಾನುವಾರ ಈ ಶೆಡ್ಡಿಗೆ ಬರುತ್ತಿದ್ದೇನೆ. ಚಹಾ ಕುಡಿದಿದ್ದೇನೆ, ಅವರ ಡಬ್ಬಿಯ ಜೋಳದ ರೊಟ್ಟಿ ತಿಂದಿದ್ದೇನೆ. ನನ್ನ ಮೊಬೈಲಿನಲ್ಲಿ ಅವರ ನಂಬರು ‘ಉಸ್ತಾದ್ ಭೋಸರಿ’ ಎಂದಿದೆ. ಅವರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ದೊಡ್ಡಪ್ಪನಿಗೂ ನನಗೂ ಏನು ವ್ಯತ್ಯಾಸ? ಅವನು ಆಚಾರಿ ಎಂದ, ನಾನು ಉಸ್ತಾದ್ ಎಂದೆ. ಎರಡೂ ಗೌರವದ ಮಾತುಗಳೇ. ಗೌರವದ ಮಾತಿನಿಂದಲೂ ಹೆಸರನ್ನು ಅಳಿಸಬಹುದು.

ಕೇಳಿದೆ. ಸ್ವಲ್ಪ ನಾಚಿಕೊಂಡು ಹೇಳಿದರು. ಇಲ್ಲಿ ಅದನ್ನು ಬರೆಯುವುದು ಬೇಡ ಎಂದರು, ಹಾಗಾಗಿ ಬರೆಯುತ್ತಿಲ್ಲ. ಆದರೆ ತೊಲೆಯ ಕೊನೆಯ ಮುಚ್ಚಳ ಬೆಸೆಯುವ ಮುನ್ನ, ಒಳಗೋಡೆಯಲ್ಲಿ, ಬೆಸುಗೆಯ ಕಾವು ತಾಗದಷ್ಟು ದೂರದಲ್ಲಿ, ಬಣ್ಣದ ಪೆನ್ನಿನಲ್ಲಿ ಬರೆಯಲು ಒಪ್ಪಿದರು. ಕನ್ನಡದಲ್ಲೇ ಬರೆದರು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಹೆಸರು ಬರೆದದ್ದು ಇದೇ ಮೊದಲೆಂದು ನಕ್ಕರು. ಅದರ ಮೇಲೆ ನಾನು ಬರೆದೆ: ಊರ ಆಚಾರಿ, ಹೆಸರು ತಿಳಿಯದು, 1979. ಆಮೇಲೆ ಮುಚ್ಚಳ ಬೆಸೆದರು. ನೀರು ಹರಿದುಹೋಗಲು ತಳದಲ್ಲಿ ಎರಡು ತೂತು ಬಿಟ್ಟರು. ಹೊರಗೆ ಎಪಾಕ್ಸಿ ಬಣ್ಣ ಬಳಿದರು. ಅದೆಲ್ಲ ಒಣಗಿದ ಮೇಲೆ, ಉದ್ದನೆಯ ಕೊಳವೆ ತೂರಿಸಿ ಒಳಗೆಲ್ಲ ಮೇಣ ಸಿಂಪಡಿಸಿದರು.

ದೊಡ್ಡಪ್ಪ ಸುಮ್ಮನೆ ಕೂತಿರಲಿಲ್ಲ. ಊರಿನಲ್ಲಿ ಅವರಿವರನ್ನು ವಿಚಾರಿಸಿದ್ದಾನೆ. ಕುಲುಮೆ ಇದ್ದ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಆಚಾರಿಯ ಮಕ್ಕಳು ಕೆಲಸ ಹುಡುಕಿಕೊಂಡು ಭದ್ರಾವತಿಯ ಕಾರ್ಖಾನೆಗೆ ಹೋದರಂತೆ. ಆ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಶುರುವಿನಲ್ಲಿ ಹೊರಬಿದ್ದಿದೆ. ಅವರ ಮಕ್ಕಳು ಈಗ ಎಲ್ಲಿದ್ದಾರೋ. ಬೆಂಗಳೂರಿನಲ್ಲೋ, ಯಾರಿಗೆ ಗೊತ್ತು, ಪುಣೆಯಲ್ಲೋ. ಈ ಬರಹವನ್ನು ಓದುವವರಲ್ಲೇ ಒಬ್ಬರು ಇರಬಾರದೆಂದೇನೂ ಇಲ್ಲ.

ಗಾಡಿ ಇನ್ನೂ ಪೂರ್ತಿ ಎದ್ದಿಲ್ಲ. ಮೈ ಕೂರಿಸಬೇಕು, ಎಂಜಿನ್ ಬಿಗಿಯಬೇಕು, ಆರ್‌ಟಿಒ ಕಾಗದಗಳು ಬಾಕಿ. ಮೊನ್ನೆ ಉಸ್ತಾದರು ಬರಿಯ ಚಾಸಿಯ ಮೇಲೆ ಮತ್ತೊಮ್ಮೆ ಸುತ್ತಿಗೆ ಆಡಿಸಿದರು. ಫೋನನ್ನು ಚಾಸಿಯ ಹತ್ತಿರ ಹಿಡಿ ಎಂದ ದೊಡ್ಡಪ್ಪ. ಹಿಡಿದೆ. ಮುಂದಿನಿಂದ ಹಿಂದಿನವರೆಗೆ ಠಣ್, ಠಣ್, ಠಣ್. ಪೂರ್ತಿ ಕೇಳಿಸಿಕೊಂಡು, “ಬಾವಿಕಟ್ಟೆ ಹತ್ರ ತಿರುಗುತ್ತಾ?” ಎಂದ.

ತಿರುಗುತ್ತದೆ ಎಂದೆ.